ಎಂಟು ಹೆಜ್ಜೆಯ ತಜ್ಞೆ

ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳುತ್ತೇನೆ. ಮೊನ್ನೆ ಪುತ್ತೂರಿನಲ್ಲಿ ಪರಿಚಯದವರ ಹೊಸ ಮನೆಯ ಒಕ್ಕಲಿತ್ತು. ಪಾಯಸದ ಲೋಟ ಎಡಗೈಯಲ್ಲಿ ಹಿಡಿದುಕೊಂಡು ಚಾವಡಿಯ ಗೋಡೆ ತಟ್ಟುತ್ತಿದ್ದವಳನ್ನು ಯಜಮಾನರು ನೋಡಿಬಿಟ್ಟರು.

“ಎಂತ ಟೀಚರ್, ಕಂಟ್ರಾಕ್ಟರ್ ಮೋಸ ಮಾಡಿದ್ದಾನಾ?” ಎಂದು ಕೇಳಿದರು. ಪಾಪ, ಮುಖ ಬಿಳಿಚಿಕೊಂಡಿತ್ತು. ಸುಳ್ಯದ ಕಾಲೇಜೊಂದರಲ್ಲಿ ಇಪ್ಪತ್ತೇಳು ವರ್ಷ ಸಿವಿಲ್ ಪಾಠ ಮಾಡಿದವಳು ಗೋಡೆ ತಟ್ಟಿ ತಲೆ ಓರೆ ಮಾಡಿದರೆ ಯಾರಿಗಾದರೂ ಹೆದರಿಕೆಯಾಗುವುದೇ. “ಇಲ್ಲ ಇಲ್ಲ, ಗಟ್ಟಿ ಉಂಟು” ಎಂದು ಸಮಾಧಾನ ಮಾಡಿ ಊಟಕ್ಕೆ ಕೂತೆ. ಊಟ ಮುಗಿಯುವವರೆಗೂ ಅವರು ಆ ಗೋಡೆಯನ್ನೇ ನೋಡುತ್ತಿದ್ದರು. ಈ ಅಭ್ಯಾಸ ಎಲ್ಲಿಂದ ಬಂತೆಂದು ಅವರಿಗೆ ಹೇಳಲಿಲ್ಲ. ಒಕ್ಕಲಿನ ಮನೆಯಲ್ಲಿ ಹೇಳುವ ಮಾತಲ್ಲ ಅದು.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲಿ. ಸಿಡಿಲಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ. ಸುಳ್ಯದ ಕಡೆಯ ತೂಗುಸೇತುವೆಗಳನ್ನು ದಾಟುವಾಗ ಮುಂದಿನವರ ಬೆನ್ನಿನ ಮೇಲೆ ಕಣ್ಣು ನೆಟ್ಟು, ಅವರ ಅಂಗಿಯ ಚೌಕುಳಿ ಎಣಿಸುತ್ತಾ ಹೋಗುತ್ತೇನೆ. ಹಾಗೆಂದು ವಿದ್ಯಾರ್ಥಿಗಳಿಗೆ ಸೇತುವೆಯ ಲೆಕ್ಕಾಚಾರ ಕಲಿಸುವಾಗ ನನ್ನ ಧ್ವನಿ ಒಮ್ಮೆಯೂ ನಡುಗಿದ್ದಿಲ್ಲ. ಕರಿಹಲಗೆಯ ಮೇಲೆ ಯಾವ ಸೇತುವೆಯೂ ಅಲ್ಲಾಡುವುದಿಲ್ಲ ನೋಡಿ.

ಈ ಹೆದರಿಕೆಗಳಲ್ಲೆಲ್ಲ ದೊಡ್ಡದು ಸುರಂಗದ್ದು. ನನ್ನ ತವರು ಬೆಟ್ಟಂಪಾಡಿ. ಅಲ್ಲಿ ನಾವು ಕುಡಿದದ್ದು ಬಾವಿಯ ನೀರಲ್ಲ, ಸುರಂಗದ ನೀರು. ಮನೆಯ ಹಿಂದಿನ ಗುಡ್ಡದ ಮೈಗೆ, ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಎತ್ತರಕ್ಕೆ, ಅಡ್ಡಡ್ಡಲಾಗಿ ಕೊರೆದ ಗವಿ ಅದು. ಒಳಗೆ ಎಲ್ಲೋ ಕತ್ತಲಲ್ಲಿ ಜಿನುಗುವ ನೀರು ಹರಿದುಬಂದು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು, ನಮ್ಮ ಅಡುಗೆಮನೆಯ ಹಿಂದಿನ ತೊಟ್ಟಿಗೆ ಬೀಳುತ್ತಿತ್ತು. ಆ ನೀರಿನ ರುಚಿ ಇನ್ನೂ ನಾಲಿಗೆಯಲ್ಲಿದೆ. ಬೇಸಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪು. ಆದರೆ ಅದು ಬರುವ ಬಾಯಿ ಕಂಡರೆ ನನಗೆ ಆಗುತ್ತಿರಲಿಲ್ಲ.

ಎಂಟು ವರ್ಷದವಳಿದ್ದಾಗ ನಮ್ಮ ಹೇಂಟೆ ಕೋಳಿಯೊಂದು ನಾಯಿಗೆ ಹೆದರಿ ಅದರೊಳಗೆ ನುಗ್ಗಿತು. ಅಣ್ಣಂದಿರು ನನ್ನ ಕೈಗೆ ಟಾರ್ಚು ಕೊಟ್ಟು ತಳ್ಳಿದರು. ಹೆಜ್ಜೆ ಎಣಿಸುತ್ತಾ ಹೋದೆ. ಎಂಟನೆಯ ಹೆಜ್ಜೆಗೆ ಹಿಂದಿನ ಬೆಳಕು ಸಣ್ಣದಾಯಿತು, ನನ್ನ ಉಸಿರಿನ ಸದ್ದು ಬೇರೆ ಯಾರದೋ ಉಸಿರಿನಂತೆ ಕೇಳಿತು, ತಲೆಯ ಮೇಲಿನಿಂದ ಒಂದು ಹರಳು ಮಣ್ಣು ಕುತ್ತಿಗೆಗೆ ಬಿತ್ತು. ಅಷ್ಟೇ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ಕೂಗಲು ಬಾಯಿಯೂ ಬರಲಿಲ್ಲ. ಹೇಂಟೆ ತಾನಾಗಿ ಹೊರಗೆ ಬಂತು, ನಾನು ಬರಲಿಲ್ಲ. ಕೊನೆಗೆ ಕುಂಞಣ್ಣ ಬಂದು ಎತ್ತಿಕೊಂಡು ಹೋದರು.

ಕುಂಞಣ್ಣ ನಮ್ಮ ಊರಿನ ಸುರಂಗದ ಮನುಷ್ಯ. ಈಗ ಎಪ್ಪತ್ತು ದಾಟಿದೆ, ಎಷ್ಟು ಸುರಂಗ ತೆಗೆಸಿದ್ದಾರೆಂದು ಅವರಿಗೇ ನೆನಪಿಲ್ಲ. ಗುಡ್ಡದ ಮೇಲಿನ ಗಿಡ, ಹುತ್ತ, ಮಣ್ಣಿನ ತೇವ ನೋಡಿ ಜಾಗ ತೋರಿಸುವವರು ಅವರು, ಅಗೆಯುವವರು ಅವರ ತಮ್ಮ. ಕೆಲಸ ನಡೆಯುವಷ್ಟು ದಿನವೂ ಕುಂಞಣ್ಣನದೊಂದು ಕ್ರಮವಿತ್ತು. ಬೆಳಿಗ್ಗೆ ತಮ್ಮನು ಹಾರೆ ಹಿಡಿಯುವ ಮೊದಲು ಅವರೊಬ್ಬರೇ ಒಳಗೆ ಹೋಗುತ್ತಿದ್ದರು. ಕೊನೆಯವರೆಗೂ ಗೋಡೆ, ತಲೆಯ ಮೇಲಿನ ಮಾಡು ಎರಡನ್ನೂ ತಟ್ಟಿ ಸದ್ದು ಕೇಳಿ ಬರುತ್ತಿದ್ದರು. ಠಣ್ ಎಂದರೆ ಸರಿ, ಬದ್ ಎಂದರೆ ಅವತ್ತು ಕೆಲಸವಿಲ್ಲ.

“ಜಾಗ ತೋರಿಸಿದವ ಮೊದಲು ಹೋಗ್ಬೇಕು ಟೀಚರ್” ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ವಿವರಿಸಿದ್ದರು. “ಇಲ್ಲಿ ಅಗೆ ಅಂತ ಹೇಳಿ ಹೊರಗೆ ಕೂತು ಬೀಡಿ ಎಳೆಯುವವನನ್ನು ನಂಬ್ಲಿಕ್ಕಾಗ್ತದಾ?”

ಈ ಮಾತು ನನಗೆ ಬಹಳ ಹಿಡಿಸಿತು. ಹಿಡಿಸಿದ್ದನ್ನೆಲ್ಲ ಬರೆದಿಡುವ ಚಟ ಬೇರೆ. ಸುರಂಗಗಳ ಮೇಲೆ ಒಂದೆರಡು ಲೇಖನ ಬರೆದೆ, ಚಿತ್ರ ಬಿಡಿಸಿದೆ, ಉಪನ್ಯಾಸ ಕೊಟ್ಟೆ. ಎಲ್ಲವೂ ಸುರಂಗದ ಬಾಯಿಯ ಹೊರಗೆ ನಿಂತು. ಒಳಗಿನ ಅಳತೆಯೆಲ್ಲ ಕುಂಞಣ್ಣ ಹೇಳಿದ್ದು.

ಸ್ವಯಂನಿವೃತ್ತಿ ತೆಗೆದುಕೊಂಡು ಗಂಡನ ಮನೆಯಾದ ಇಚಿಲಂಪಾಡಿಯಲ್ಲಿ ಸುಮ್ಮನಿದ್ದೆ. ಆಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಅಂತರರಾಷ್ಟ್ರೀಯ ಸಂಸ್ಥೆಯ ವಿಷಯ ಹೇಳಿದಳು. ಕಸುಬು ಗೊತ್ತಿದ್ದವರನ್ನು ಆರಾರು ತಿಂಗಳು ಬೇರೆ ದೇಶದ ಹಳ್ಳಿಗಳಿಗೆ ಕಳಿಸುತ್ತಾರಂತೆ. ಸಂಬಳವಿಲ್ಲ, ಊಟ ವಸತಿ ಮಾತ್ರ. ಕೀನ್ಯಾದ ಒಂದು ಗುಡ್ಡದ ಊರಿನವರಿಗೆ ನೀರಿನ ಕೆಲಸ ತಿಳಿದವರು ಬೇಕಂತೆ. ನನ್ನ ಲೇಖನವನ್ನು ಅವಳೇ ಕಳಿಸಿಯೂ ಆಗಿತ್ತು.

ಸಂದರ್ಶನ ಫೋನಿನಲ್ಲೇ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಹಿಂದೆ ಮಾತ್ರ. ಅಲ್ಲಿ ಕುರ್ಚಿ ಹಾಕಿಕೊಂಡು, ಸೊಳ್ಳೆ ಹೊಡೆಯುತ್ತಾ ಕೂತೆ. ಆಚೆಯ ಹೆಂಗಸು ಕೇಳಿದಳು, ಸುರಂಗದೊಂದಿಗೆ ನಿಮ್ಮ ಒಡನಾಟ ಎಷ್ಟು ವರ್ಷದ್ದು? ನಾನೆಂದೆ, ಹುಟ್ಟಿದಾಗಿನಿಂದ. ಸುಳ್ಳಲ್ಲವಲ್ಲ, ಆ ನೀರು ಕುಡಿದೇ ಬೆಳೆದದ್ದು. ಒಳಗೆ ಹೋಗಿದ್ದೀರಾ ಎಂದು ಕೇಳಿದಳು. ಹೋಗಿದ್ದೇನೆ ಎಂದೆ. ಅದೂ ಸುಳ್ಳಲ್ಲ. ಎಷ್ಟು ದೂರ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

“ಲಿಫ್ಟಿಗೆ ಹೆದರುವವಳು ವಿಮಾನ ಹತ್ತುದು ಹೇಗೆ ಮಾರಾಯ್ತಿ?” ಎಂದು ನಮ್ಮವರು ನಕ್ಕರು. “ಅಲ್ಲಿ ಹೋಗಿ ಎಂತ ಮಾಡುದು?”

“ಜಾಗ ತೋರಿಸುದು” ಎಂದೆ, ಸ್ವಲ್ಪ ಗತ್ತಿನಿಂದಲೇ.

ವಿಮಾನದಲ್ಲಿ ಪಕ್ಕದವರ ತೋಳನ್ನು ನನ್ನದೆಂದುಕೊಂಡು ಹಿಡಿದು ಕೂತಿದ್ದೆ ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಇಳಿದು, ಒಂದು ದಿನವಿಡೀ ವ್ಯಾನಿನಲ್ಲಿ ಕುಲುಕಿ, ಆ ಊರಿನಲ್ಲಿ ಕಾಲಿಟ್ಟಾಗ ನನ್ನ ಕಣ್ಣು ತುಂಬಿ ಬಂತು. ಮಣ್ಣು ಕೆಂಪು! ನಮ್ಮ ಮಣ್ಣೇ! ದಾರಿ ಕಡಿದ ದಿಬ್ಬ, ಗುಡ್ಡದ ಇಳಿಜಾರು, ಹುತ್ತ, ಬಾಳೆ, ಎಲ್ಲ ಬೆಟ್ಟಂಪಾಡಿಯನ್ನು ತಂದು ಇಟ್ಟ ಹಾಗೆ. ನಮ್ಮ ಕಡೆಯವರು ಎಲ್ಲಿಗೆ ಹೋದರೂ ಮಾಡುವ ಕೆಲಸ ಇದು. ಕೆಂಪು ಮಣ್ಣು ಕಂಡರೆ ಸಾಕು, ಅಡಿಯಲ್ಲಿ ಮುರಕಲ್ಲು ಉಂಟು ಎಂದು ಕಣ್ಣು ಮುಚ್ಚಿ ನಂಬಿಬಿಡುತ್ತೇವೆ. ಮುರಕಲ್ಲಿನ ಗುಣ ನಿಮಗೆ ಗೊತ್ತಿರಬಹುದು. ಕಡಿಯುವಾಗ ಮೆದು, ಗಾಳಿ ತಾಗಿದಷ್ಟೂ ಗಟ್ಟಿ. ಕೊರೆದು ಬಿಟ್ಟ ಸುರಂಗ ಮೊಮ್ಮಕ್ಕಳ ಕಾಲಕ್ಕೂ ಹಾಗೇ ನಿಲ್ಲುತ್ತದೆ.

ಮೂರು ದಿನ ಗುಡ್ಡ ಸುತ್ತಿ, ಕುಂಞಣ್ಣ ಹೇಳಿಕೊಟ್ಟ ಗುರುತುಗಳನ್ನೆಲ್ಲ ನೋಡಿ, ಜಾಗ ತೋರಿಸಿದೆ. ಊರಿನ ಹೆಂಗಸರ ನೀರಿನ ಸಂಘದ ಮುಖ್ಯಸ್ಥೆ ಎಸ್ತರ್. ನನ್ನ ಇಂಗ್ಲಿಷನ್ನು ಅವರ ಭಾಷೆಗೆ ತಿರುಗಿಸುತ್ತಿದ್ದವಳೂ ಅವಳೇ. ಅಗೆಯಲು ಒಪ್ಪಿದವನು ಅವಳ ಗಂಡ ಡಿಕ್ಸನ್. ನಲವತ್ತರ ಗಟ್ಟಿ ಆಳು, ಮೂರು ಮಕ್ಕಳ ತಂದೆ, ಮಾತು ಕಡಿಮೆ. ಅವನು ಇಂಗ್ಲಿಷಿನಲ್ಲಿ ಒಂದೊಂದೇ ಶಬ್ದ ಹುಡುಕಿ ಆಡುತ್ತಿದ್ದ. ಒಬ್ಬನೇ ಇದ್ದಾಗ ಮಾತ್ರ ಹಾಡುತ್ತಿದ್ದ.

ಅಗೆತ ಶುರುವಾದ ಮರುದಿನ ಬೆಳಿಗ್ಗೆಯೇ ನನ್ನ ಗ್ರಹಚಾರ ಎದುರು ಬಂದು ನಿಂತಿತು. ಸಂಸ್ಥೆಯವರು ನನ್ನಿಂದಲೇ ಬರೆಸಿ ಅಚ್ಚು ಹಾಕಿಸಿದ್ದ ಪುಟ್ಟ ಕೈಪಿಡಿಯನ್ನು ಎಸ್ತರ್ ಎಲ್ಲರ ಎದುರು ಬಿಡಿಸಿ ಓದಿದಳು. ಜಾಗ ತೋರಿಸಿದವರು ಪ್ರತಿದಿನ ಮೊದಲು ಒಳಗೆ ಹೋಗಿ, ಕೊನೆಯವರೆಗೆ ತಟ್ಟಿ ನೋಡಿ ಬರಬೇಕು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಎಸ್ತರ್ ಬಾಗಿ, “ಕರಿಬು, ಮ್ವಾಲಿಮು” ಎಂದಳು. ಬನ್ನಿ ಟೀಚರ್ ಎಂದರ್ಥ. ಕುಂಞಣ್ಣನ ಆ ಕ್ರಮ ನನ್ನ ತಲೆಗೇ ಬಂದು ಕೂತೀತೆಂದು, ಅದನ್ನು ಅಷ್ಟು ಚಂದಕ್ಕೆ ಬರೆಯುವಾಗ ನನಗೆ ಹೊಳೆದೇ ಇರಲಿಲ್ಲ.

ಮೊದಮೊದಲು ತೊಂದರೆಯಿರಲಿಲ್ಲ. ಒಂದು ಹೆಜ್ಜೆ, ಎರಡು ಹೆಜ್ಜೆ, ಬೆನ್ನಿಗೆ ಬಿಸಿಲು ಬೀಳುತ್ತಿತ್ತು. ಗಂಭೀರವಾಗಿ ತಟ್ಟಿ ಬರುತ್ತಿದ್ದೆ. ಆದರೆ ಡಿಕ್ಸನ್ ದಿನಕ್ಕೊಂದು ಹೆಜ್ಜೆಯಷ್ಟು ಗುಡ್ಡವನ್ನು ತಿನ್ನುತ್ತಿದ್ದ. ರಾತ್ರಿ ಮಲಗಿದರೆ ನನಗೆ ಅದೇ ಲೆಕ್ಕ, ನಾಳೆ ಐದು, ನಾಡಿದ್ದು ಆರು. ಏಳನೆಯ ಹೆಜ್ಜೆಯಲ್ಲಿ ದೊಡ್ಡ ಬಂಡೆ ಅಡ್ಡ ಸಿಕ್ಕಿ, ಸುರಂಗವನ್ನು ಎಡಕ್ಕೆ ತಿರುಗಿಸಬೇಕಾಯಿತು. ಎಂಟನೆಯ ಹೆಜ್ಜೆ ಆ ತಿರುವಿನ ಆಚೆ. ಅಲ್ಲಿ ನಿಂತರೆ ಹೊರಗಿನವರಿಗೆ ಕಾಣುವುದಿಲ್ಲ.

ಒಂಬತ್ತನೆಯ ದಿನ ಒಂಬತ್ತನೆಯ ಹೆಜ್ಜೆಗೆಂದು ಕಾಲೆತ್ತಿದೆ. ಕಾಲು ಎದ್ದಿತು, ಮುಂದೆ ಹೋಗಲಿಲ್ಲ. ಹೆಲ್ಮೆಟ್ಟಿನ ದೀಪದ ಬೆಳಕು ಕೆಂಪು ಗೋಡೆಯ ಮೇಲೆ ನಡುಗುತ್ತಿತ್ತು, ಅಂದರೆ ನನ್ನ ತಲೆ ನಡುಗುತ್ತಿತ್ತು. ಐವತ್ತೈದು ವರ್ಷದ ಹೆಂಗಸು ಎಂಟು ವರ್ಷದವಳಾಗಿ ನಿಂತಿದ್ದೆ. ನಿಂತಲ್ಲೇ ಗೋಡೆಯನ್ನು ಮೂರು ಸಲ ತಟ್ಟಿದೆ. ಹೋಗಿ ಬರಲು ಬೇಕಾಗುವಷ್ಟು ಹೊತ್ತು, ಐವತ್ತರವರೆಗೆ ಎಣಿಸಿದೆ. ಹೊರಗೆ ಬಂದು “ಸರಿಯಿದೆ” ಎಂದೆ. ಡಿಕ್ಸನ್ ತಲೆಯಾಡಿಸಿ, ಹಾರೆ ಹೆಗಲಿಗೇರಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಹಾಡು ಕೇಳಿಸಿತು.

ನಾಳೆ ಹೋಗುತ್ತೇನೆ ಎಂದುಕೊಂಡೆ. ಮರುದಿನವೂ ಐವತ್ತು ಎಣಿಸಿದೆ. ಸುರಂಗ ಬೆಳೆದ ಹಾಗೆ ಎಣಿಕೆಯನ್ನೂ ಬೆಳೆಸಿದೆ. ಅರವತ್ತು, ಎಪ್ಪತ್ತು, ತೊಂಬತ್ತು. ಬೇಗ ಬಂದರೆ ಅನುಮಾನ ಬಂದೀತಲ್ಲ! ಸುಳ್ಳಿಗೂ ಇಷ್ಟು ಶಿಸ್ತು ಬೇಕೆಂದು ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ಒಳಗೆ ಹೋಗುವ ಹೆದರಿಕೆ, ಹೋಗಿಲ್ಲವೆಂದು ತಿಳಿದೀತೆಂಬ ಹೆದರಿಕೆ, ಇವೆರಡರ ಅಡಿಯಲ್ಲಿ ಡಿಕ್ಸನ್‌ಗೆ ಏನಾದರೂ ಆದರೆ ಎಂಬ ಹೆದರಿಕೆ. ಮೂರನೆಯದು ಮೊದಲನೆಯದಾಗಬೇಕಿತ್ತು. ಆಗಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹನ್ನೊಂದನೆಯ ಸುಳ್ಳಿನ ಹಿಂದಿನ ದಿನ ಸಂಜೆ ಆ ಋತುವಿನ ಮೊದಲ ಮಳೆ ಬಿತ್ತು. ಬೆಳಿಗ್ಗೆ ಬಿಸಿಲು ಬಂದಿತ್ತು. ನಾನು ತಿರುವಿನ ಆಚೆ ನಿಂತು ನೂರಿಪ್ಪತ್ತು ಎಣಿಸಿ ಬಂದೆ. ಡಿಕ್ಸನ್ ಒಳಗೆ ಹೋದ. ಮಣ್ಣು ಎಳೆಯುವ ಹೆಂಗಸರು, ಮೊದಲ ಹೊರೆ ತಯಾರಾಗುವವರೆಗೆ ಚಹಾ ಕುಡಿಯೋಣವೆಂದು ಕೆಳಗಿನ ಮರದಡಿಗೆ ಇಳಿದರು. ಸುರಂಗದ ಬಾಯಿಯಲ್ಲಿ ನಾನೊಬ್ಬಳೇ. ಹಿಂದಿನ ದಿನ ಹೊರಗೆ ಹಾಕಿದ್ದ ಮಣ್ಣಿನ ರಾಶಿಯ ಮೇಲೆ ಚಪ್ಪಲಿ ಇಟ್ಟರೆ ಗಸಕ್ಕನೆ ಇಳಿಯಿತು. ಮುರಕಲ್ಲಿನ ಪುಡಿ ಹಾಗೆ ಇಳಿಯುವುದಿಲ್ಲ. ಬೆಟ್ಟಂಪಾಡಿಗೆ ವೀಡಿಯೊ ಕರೆ ಮಾಡಿದೆ.

ಕುಂಞಣ್ಣ ಮಗಳ ಫೋನು ಹಿಡಿದು, ಕಿವಿಗೆ ಇಡಬೇಕೋ ಕಣ್ಣಿಗೆ ಹಿಡಿಯಬೇಕೋ ಎಂದು ಸ್ವಲ್ಪ ಹೊತ್ತು ಪರದಾಡಿದರು. ಮಣ್ಣಿನ ಹೆಂಟೆ ತೋರಿಸಿದೆ.

“ಬಣ್ಣ ನಮ್ದೇ” ಎಂದರು. “ಒಂದು ಬಕೆಟ್ ನೀರಲ್ಲಿ ಹಾಕಿ ನೋಡಿ ಟೀಚರ್.”

ಪಕ್ಕದಲ್ಲಿದ್ದ ಬಕೆಟ್ಟಿಗೆ ಹಾಕಿದೆ. ಗುಳ್ಳೆ ಎದ್ದವು. ಮೂಲೆಗಳು ಕರಗಿದವು. ನಾನು ನೋಡುತ್ತಿದ್ದಂತೆ ಮುಷ್ಟಿ ಗಾತ್ರದ ಹೆಂಟೆ ಕುಸಿದು, ರಾಗಿ ಅಂಬಲಿಯಂತೆ ತಳದಲ್ಲಿ ಹರಡಿತು. ಒಳಗಿನಿಂದ ಡಿಕ್ಸನ್‌ನ ಹಾಡು ಕೇಳುತ್ತಿತ್ತು.

“ಇದು ಮುರ ಅಲ್ಲ ಟೀಚರ್. ನೀರು ಕುಡಿದ್ರೆ ನಿಲ್ಲುದಿಲ್ಲ” ಎಂದರು ಕುಂಞಣ್ಣ. ಅವರ ಮುಖ ತೀರಾ ಹತ್ತಿರ ಬಂತು. “ಮಳೆ ಬಂದಿದೆಯಾ? ಒಳಗೆ ಜನ ಉಂಟಾ?”

“ಉಂಟು. ಒಬ್ಬ.”

“ನೀವು ಬೆಳಿಗ್ಗೆ ಕೊನೆವರೆಗೆ ಹೋಗಿ ಬಂದಿದ್ದೀರಲ್ಲಾ? ಸದ್ದು ಹೇಗಿತ್ತು?”

ಫೋನು ಮಣ್ಣಿನ ಮೇಲೆ ಇಟ್ಟೆನೋ ಬಿತ್ತೋ ನೆನಪಿಲ್ಲ. ಕೂಗಿ ಕರೆಯಬಹುದಿತ್ತು. ಕೂಗಿದರೆ ಆ ಸದ್ದಿಗೇ ಮಾಡು ಉದುರೀತೆಂದು ಹೆದರಿದೆ. ಹಾಗೆ ಉದುರುತ್ತದೋ ಇಲ್ಲವೋ ಸಿವಿಲ್ ಕಲಿಸಿದವಳಿಗೆ ಗೊತ್ತಿರಬೇಕಿತ್ತು, ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಯಾವ ಪುಸ್ತಕವೂ ಇರಲಿಲ್ಲ. ಒಳಗೆ ಹೋದೆ.

ಏಳು. ತಿರುವು. ಎಂಟು, ಒಂಬತ್ತು. ನಾನು ಧೈರ್ಯ ಮಾಡಿದೆ ಎಂದು ನೀವು ತಿಳಿಯಬಾರದು. ಹೆದರಿ ಹೆದರಿಯೇ ಹೋದದ್ದು. ಬಾಯಿಯಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು. ಗೋಡೆಗೆ ಕೈ ಇಟ್ಟರೆ ಬೆರಳು ಒಳಕ್ಕೆ ಹೋಯಿತು. ತಟ್ಟಿದೆ. ಬದ್. ಇನ್ನೆರಡು ಹೆಜ್ಜೆ ಬಿಟ್ಟು ತಟ್ಟಿದೆ. ಬದ್. ಹನ್ನೊಂದು ದಿನವೂ ಈ ಗೋಡೆ ಇದನ್ನೇ ಹೇಳುತ್ತಿತ್ತೋ ಏನೋ, ಕೇಳುವವರು ಇರಲಿಲ್ಲ. ಹಾಡು ಹತ್ತಿರವಾಯಿತು. ಡಿಕ್ಸನ್ ಮೊಣಕಾಲೂರಿ ಅಗೆಯುತ್ತಿದ್ದವನು ತಿರುಗಿ, “ಮ್ವಾಲಿಮು?” ಎಂದ. ಅವನ ಅಂಗಿ ಹಿಡಿದು ಎಳೆದೆ. ಮನೆಯಲ್ಲಿ ಯಾರೋ ಸತ್ತರೆಂದು ಅವನು ತಿಳಿದಿರಬೇಕು, ಹಾರೆ ಬಿಟ್ಟು ನನ್ನ ಹಿಂದೆಯೇ ಬಗ್ಗಿಕೊಂಡು ಬಂದ.

ಹೊರಗೆ ಬಂದ ಮೇಲೆ, ಮನೆಯಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ತಿಳಿದು ನಕ್ಕುಬಿಟ್ಟ. ಹಾರೆ ತರುತ್ತೇನೆಂದು ಮತ್ತೆ ಒಳಗೆ ಹೊರಟ. ನಾನು ಬಾಯಿಗೆ ಅಡ್ಡ ನಿಂತೆ. ಮಣ್ಣು ಸರಿಯಿಲ್ಲ ಎಂದೆ. ಈಗ ತಾನೇ ಸರಿಯಿದೆ ಎಂದಿರಲ್ಲ ಎಂದ. ಅಷ್ಟರಲ್ಲಿ ಎಸ್ತರ್ ಮತ್ತು ಹೆಂಗಸರು ಮೇಲೆ ಬಂದರು. ಇನ್ನು ಅಡಗಲು ತಿರುವು ಇರಲಿಲ್ಲ. ಹೇಳಿದೆ. ನಾನು ಎಂಟು ಹೆಜ್ಜೆಗಿಂತ ಮುಂದೆ ಹೋಗಿಯೇ ಇಲ್ಲ, ಅಲ್ಲಿ ನಿಂತು ಎಣಿಸಿ ವಾಪಸು ಬರುತ್ತಿದ್ದೆ ಎಂದೆ. ಎಸ್ತರ್ ಅದನ್ನು ತನ್ನವರಿಗೆ ತಿರುಗಿಸಿ ಹೇಳತೊಡಗಿದವಳು ನಡುವೆ ನಿಂತಳು. ತಾನು ತಪ್ಪಾಗಿ ಕೇಳಿಸಿಕೊಂಡೆನೇ ಎಂದು ನನ್ನನ್ನು ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಎರಡನೆಯ ಸಲ ಕಷ್ಟವಾಯಿತು.

ಕೆಲಸ ನಿಂತಿತು. ಎರಡು ದಿನ ಯಾರೂ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಇನ್ನೊಂದು ಮಳೆಯ ನಂತರ, ನಡುಮಧ್ಯಾಹ್ನ, ಲಾರಿಯಿಂದ ಕಲ್ಲು ಸುರಿದಂಥ ಸದ್ದಾಯಿತು. ತಿರುವಿನಿಂದ ಆಚೆಗಿನದೆಲ್ಲ ಕುಸಿದಿತ್ತು. ಡಿಕ್ಸನ್‌ನ ಹಾರೆ ಅಲ್ಲೇ ಉಳಿಯಿತು.

ಅಲ್ಲಿಂದ ಮುಂದಿನದು ನನಗೆ ಇನ್ನೂ ಕಷ್ಟದ್ದು. ಊರವರು ನನ್ನನ್ನು ಹೊಗಳತೊಡಗಿದರು. ದೇವರು ಮ್ವಾಲಿಮುವಿನ ಕಿವಿಯಲ್ಲಿ ಹೇಳಿದ ಎಂದರು. ಭಾನುವಾರ ಚರ್ಚಿನಲ್ಲಿ ಎಬ್ಬಿಸಿ ನಿಲ್ಲಿಸಿ, ಹೂವಿನ ಚಿತ್ತಾರದ ಬಟ್ಟೆ ಹೊದಿಸಿದರು. ನಾನು ಹೇಳಿದ ಸುಳ್ಳನ್ನು ಎಲ್ಲರೂ ಸೇರಿ ಮರೆತುಬಿಟ್ಟರು. ಎಸ್ತರ್ ಕೂಡ ನನ್ನ ಕೈ ಹಿಡಿದು ಅತ್ತಳು. ಉಳಿದ ತಿಂಗಳುಗಳಲ್ಲಿ ಗುಡ್ಡದ ಬುಡದಲ್ಲಿದ್ದ ಒಂದು ಒರತೆಗೆ ಕಲ್ಲು ಕಟ್ಟಿ, ಪೈಪು ಎಳೆದು, ಊರಿಗೆ ಒಂದಿಷ್ಟು ನೀರು ಬರುವಂತೆ ಮಾಡಿದೆವು. ಎಲ್ಲ ಬಯಲಲ್ಲಿ, ಬಿಸಿಲಲ್ಲಿ ಮಾಡುವ ಕೆಲಸ. ಡಿಕ್ಸನ್ ಅದಕ್ಕೂ ಬಂದ. ಕಲ್ಲು ಹೊತ್ತ, ಗಾರೆ ಕಲಸಿದ. ನನ್ನೊಡನೆ ಮಾತಾಡಲಿಲ್ಲ. ಹಾಡಲೂ ಇಲ್ಲ.

ನಾನು ಹೊರಡುವ ಬೆಳಿಗ್ಗೆ ನನ್ನ ಪೆಟ್ಟಿಗೆ ಹೊತ್ತು ವ್ಯಾನು ನಿಲ್ಲುವಲ್ಲಿಗೆ ಅವನೇ ಬಂದ. ಇಬ್ಬರೂ ರಸ್ತೆ ನೋಡುತ್ತಾ ನಿಂತೆವು. ಅವನೇ ಕೇಳಿದ.

“ಎಷ್ಟು ದಿನ, ಮ್ವಾಲಿಮು?”

“ಹನ್ನೊಂದು.”

ಅವನು ಹನ್ನೊಂದು ಎಂದು ತನ್ನಷ್ಟಕ್ಕೆ ಹೇಳಿಕೊಂಡ. “ನಾನು ತುಂಬ ಹೆದರುವವನು” ಎಂದ. “ಚಿಕ್ಕಂದಿನಿಂದ. ಕತ್ತಲೆ ಅಂದರೆ ಆಗುವುದಿಲ್ಲ. ಎಸ್ತರ್‌ಗೂ ಗೊತ್ತಿಲ್ಲ. ಆದರೆ ಆ ಹನ್ನೊಂದು ದಿನ ಹೆದರಲಿಲ್ಲ. ಕೊನೆಯವರೆಗೂ ನೀವು ಹೋಗಿ ಬಂದಿದ್ದೀರಲ್ಲ ಎಂದು.”

ವ್ಯಾನು ಬಂತು. ಪೆಟ್ಟಿಗೆಯನ್ನು ಮೇಲೆ ಹಾಕಿ, ಹಗ್ಗ ಬಿಗಿದು, ಎಳೆದು ನೋಡಿ ಇಳಿದ. ನಾನು ಹತ್ತಿ ಕೂತೆ. ಅವನು ಅದನ್ನು ಕೋಪದಲ್ಲಿ ಹೇಳಿದ್ದಲ್ಲ. ಕೋಪದಲ್ಲಿ ಹೇಳಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.